ನಮ್ಮ ಪ್ರಕಾಶಕರು ಗಟ್ಟಿಯಾಗಿ ಓದುತ್ತಿದ್ದರು

ನನ್ನ ಮೊದಲ ಕಥೆಯ ಮೊದಲ ಪುಟ ದಾಟುವಷ್ಟರಲ್ಲೇ ನಾನು ಎದ್ದು ನಿಂತುಬಿಟ್ಟಿದ್ದೆ. ನನಗೆ ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಹೂಟಗಳ್ಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದೆ. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ಚಿತ್ರಾನ್ನ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಬರೆದ ಕಥೆಗಳವು. ಅರ್ಧ ದಿನ ರಜ ಹಾಕಿ ಶಿವರಾಂಪೇಟೆಯ ಒಂದು ಪುಸ್ತಕದಂಗಡಿಗೆ ತೆಗೆದುಕೊಂಡು ಹೋದರೆ, ಪುಸ್ತಕ ಪ್ರಕಟಿಸುತ್ತಲೂ ಇದ್ದ ಆ ಅಂಗಡಿಯ ಯಜಮಾನರು ಎಲ್ಲರ ಹಾಗೆ "ಇಟ್ಟು ಹೋಗಿ, ಓದಿ ಹೇಳ್ತೀನಿ" ಅನ್ನಲಿಲ್ಲ. ಶಟರನ್ನು ಅರ್ಧ ಎಳೆದರು. ನನ್ನನ್ನು ಎದುರಿಗೆ ಕೂರಿಸಿಕೊಂಡರು. ಕನ್ನಡಕ ಒರೆಸಿ, ನನ್ನ ಕಥೆಯನ್ನು ನನಗೇ ಗಟ್ಟಿಯಾಗಿ ಓದಿ ಹೇಳಲು ಶುರು ಮಾಡಿದರು.

ಎರಡು ಸಾಲು ಓದುವರು, ಪೆನ್ನಿನ ಮುಚ್ಚಳದಿಂದ ಮೇಜಿಗೆ ಟಕ್ ಅಂತ ತಟ್ಟುವರು. "ಕಲ್ಲು ಕಣಮ್ಮ" ಅನ್ನುವರು. ಮತ್ತೆರಡು ಸಾಲು, ಮತ್ತೆ ಟಕ್, ಮತ್ತೆ ಕಲ್ಲು.

"ಎಲ್ಲಿದೆ ಸಾರ್ ಕಲ್ಲು?" ಅಂದೆ.

"ಇಲ್ಲೇ ಇದೆಯಲ್ಲ. ಅನ್ನ ಉಣ್ತಾ ಇದ್ದಾಗ ಹಲ್ಲಿಗೆ ಸಿಕ್ದಂಗೆ ಬಾಯಿಗೆ ಸಿಕ್ತು. ನಿಮಗೆ ಸಿಗಲಿಲ್ವಾ?"

"ನಿಮ್ಮ ಹಲ್ಲೇ ಸರಿ ಇಲ್ಲ ಅನ್ಸುತ್ತೆ ಸಾರ್" ಅಂದವಳೇ ಕಾಗದಗಳನ್ನು ಕಿತ್ತುಕೊಂಡು, ಅರ್ಧ ಶಟರಿಗೆ ತಲೆ ಬಡಿಸಿಕೊಂಡು, ಬಸ್ ಸ್ಟಾಪಿನವರೆಗೂ ದಾಪುಗಾಲು ಹಾಕಿಕೊಂಡು ಹೋದೆ. ಅಲ್ಲಿ ನೋಡಿದರೆ ಊಟದ ಡಬ್ಬಿ ಇಲ್ಲ! ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ನಾಚಿಕೆಗೇಡು. ವಾಪಸು ಹೋದರೆ ಅವರು ಡಬ್ಬಿಯನ್ನು ಮೇಜಿನ ನಟ್ಟನಡುವೆ ಇಟ್ಟುಕೊಂಡು ಕೂತಿದ್ದರು.

"ಡಬ್ಬಿಗೆ ಬಂದ್ರೋ, ಇನ್ನೊಂಚೂರು ಬೈಯೋಣ ಅಂತ ಬಂದ್ರೋ?"

"ಎರಡಕ್ಕೂ" ಅಂದೆ.

"ಹಂಗಾದ್ರೆ ಕೂತ್ಕೊಂಡು ಬೈರಿ. ನಿಂತ್ಕೊಂಡು ಬೈದ್ರೆ ಕಾಲು ನೋಯುತ್ತೆ." ಆವತ್ತು ಕೂತವಳು ಕತ್ತಲಾಗುವ ತನಕ ಏಳಲಿಲ್ಲ. ಅವರು ನನ್ನ ಪ್ರಕಾಶಕರಾದದ್ದು ಹೀಗೆ.

ಅವರ ತಂದೆ ಸಂತೇಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದವರು. ಮಗನೂ ಬೆಲ್ಲವನ್ನೇ ಮಾರಲಿ ಎಂದಿದ್ದರಂತೆ. ಇವರು ಪುಸ್ತಕ ಹಿಡಿದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳ ವಿಭೂತಿ ಬಳಿದುಕೊಂಡು ಅಂಗಡಿಗೆ ಬಂದರೆ ಮಧ್ಯಾಹ್ನದವರೆಗೂ ವ್ಯಾಪಾರ. ಊಟವಾದ ಮೇಲೆ ಶಟರು ಅರ್ಧ ಕೆಳಗೆ. ಯಾವ ಪುಸ್ತಕವನ್ನೂ ಬರೆದವರ ಮುಂದೆ ಪೂರ್ತಿ ಗಟ್ಟಿಯಾಗಿ ಓದದೆ ಅಚ್ಚಿಗೆ ಕಳಿಸುತ್ತಿರಲಿಲ್ಲ. ದೊಡ್ಡ ಲೇಖಕರು ಕೆಲವರು "ಇದೇನು ಮಗ್ಗಿ ಒಪ್ಪಿಸೋ ಸ್ಕೂಲಾ?" ಎಂದು ಬಿಟ್ಟು ಹೋದರು. ಹೋಗುವವರನ್ನು ಅವರು ತಡೆಯುತ್ತಿರಲಿಲ್ಲ. ಕೊನೆಗೆ ಉಳಿದವರು ನನ್ನಂಥ ಕೆಲವರು, ಬೈದುಕೊಂಡೇ ಕೂರುವವರು.

ಆದರೆ ಒಂದು ವಿಷಯ ನನಗೆ ಬಹಳ ದಿನ ತಿಳಿಯಲಿಲ್ಲ. ಕೆಲವರ ಹಸ್ತಪ್ರತಿ ಓದುವಾಗ ಅವರು ಒಂದು ಸಲವೂ ತಟ್ಟುತ್ತಿರಲಿಲ್ಲ. ನೀರು ಹರಿದ ಹಾಗೆ ಓದಿಕೊಂಡು ಹೋಗುವರು. ಮುಗಿದ ಮೇಲೆ "ಸರಾಗವಾಗಿದೆ ಸ್ವಾಮಿ" ಅಂತ ಕಾಫಿ ತರಿಸಿಕೊಟ್ಟು, ಬಾಗಿಲವರೆಗೂ ಹೋಗಿ ಬೀಳ್ಕೊಟ್ಟು ಬರುವರು. ಆ ಪುಸ್ತಕ ಮಾತ್ರ ಅವರಲ್ಲಿ ಅಚ್ಚಾಗುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. "ನನಗೆ ಟಕ್ ಟಕ್ ಅಂತ ಪ್ರಾಣ ತಿಂತೀರಿ, ಅವರಿಗೆ ಕಾಫಿ! ಇದ್ಯಾವ ನ್ಯಾಯ ಸಾರ್?" ಅಂತ ಒಂದಿನ ಕೇಳಿಯೇಬಿಟ್ಟೆ.

"ಅನ್ನದಲ್ಲಿ ಕಲ್ಲಿದ್ರೆ ಆರಿಸಬಹುದು ಕಣಮ್ಮ. ಅನ್ನವೇ ಇಲ್ದಿದ್ರೆ ಏನಂತ ಆರಿಸ್ಲಿ? ಕಾಫಿ ಕೊಟ್ಟು ಕಳಿಸ್ತೀನಿ" ಅಂದರು. ಆಮೇಲೆ ಅವರು ತಟ್ಟಿದಾಗಲೆಲ್ಲ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು, ಮೇಲೆ ಮಾತ್ರ ಮುಖ ಗಂಟು ಹಾಕಿಕೊಳ್ಳುತ್ತಿದ್ದೆ.

ಮೊದಲ ಪುಸ್ತಕ ಬಂದ ದಿನ ನಮ್ಮಮ್ಮನನ್ನು ಕರೆದುಕೊಂಡು ಹೋಗಿದ್ದೆ. ನಮ್ಮಮ್ಮ ಊದುಬತ್ತಿ ಹೊಸೆದು ನನ್ನನ್ನು ಸಾಕಿದವಳು. ಮನೆಯ ಮುಂದಿನ ಜಗಲಿಯಲ್ಲಿ ಮಣೆ ಇಟ್ಟುಕೊಂಡು, ಕರೀ ಹಿಟ್ಟನ್ನು ಕಡ್ಡಿಗೆ ಹಚ್ಚಿ ಅಂಗೈಯಲ್ಲಿ ಹೊಸೆದೂ ಹೊಸೆದೂ ಅವಳ ಕೈರೇಖೆಗಳೇ ಅಳಿಸಿಹೋಗಿದ್ದವು. ಪುಸ್ತಕವನ್ನು ಕೈಗೆ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿದಳು.

"ಓದಕ್ಕೆ ಬರಕ್ಕಿಲ್ಲ ಸ್ವಾಮಿ ನಂಗೆ" ಅಂದಳು.

ಅವರು ಎದ್ದು ಹೋಗಿ ಶಟರನ್ನು ಅರ್ಧ ಎಳೆದು ಬಂದರು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಓದಲು ಶುರು ಮಾಡಿದರು. ಅದೆಂಥ ಓದು ಅಂತೀರಿ! ಮುದುಕಿ ಮಾತಾಡಿದರೆ ಮುದುಕಿ, ಪೊಲೀಸಿನವನು ಗದರಿದರೆ ಪೊಲೀಸಿನವನು. ನಮ್ಮಮ್ಮ ಮಧ್ಯೆ ಮಧ್ಯೆ ಬಾಯಿ ಹಾಕುತ್ತಿದ್ದಳು. "ಸುಳ್ಳು ಕಣ್ರೀ, ಅಂಗೇನೂ ಆಗ್ಲಿಲ್ಲ, ಇವಳು ಕಟ್ಕಂಡವಳೆ." ಅವರು ಓದು ನಿಲ್ಲಿಸಿ "ಹೌದಾ ತಾಯಿ? ಹಂಗಾದ್ರೆ ಏನಾಯ್ತು?" ಅಂತ ಕೇಳುವರು. ಪುಸ್ತಕ ಒಂದು ಮಧ್ಯಾಹ್ನಕ್ಕೆ ಮುಗಿಯಲಿಲ್ಲ. ಅಮ್ಮ ಮತ್ತೆ ಮತ್ತೆ ಹೋದಳು, ನಾನು ಆಫೀಸಿನಲ್ಲಿದ್ದಾಗ ಒಬ್ಬಳೇ ಬಸ್ಸು ಹತ್ತಿ ಹೋದಳು. ಕೊನೆಯ ದಿನ ಎದ್ದು ನಿಂತು, "ಗಂಟಲು ಬಲೇ ಚೆನ್ನಾಗದೆ ಸ್ವಾಮಿ ನಿಮ್ದು. ಜೋಪಾನವಾಗಿ ಮಡಿಕ್ಕೊಳಿ" ಅಂದಳಂತೆ. ಅದನ್ನು ಅವರು ಎಷ್ಟು ಸಲ ನನಗೆ ಹೇಳಿದ್ದಾರೋ.

ಅಮ್ಮ ತೀರಿಕೊಂಡಾಗ ಅವರು ಮನೆಗೆ ಬಂದಿದ್ದರು. ಎದ್ದು ಹೋಗುವಾಗ ಒಂದೇ ಮಾತು ಹೇಳಿದರು. "ಅಮ್ಮನ ಪುಸ್ತಕ ಬರೀರಿ. ಅದನ್ನ ನಾನೇ ಓದ್ಬೇಕು."

ಬರೆಯುತ್ತೇನೆ ಬರೆಯುತ್ತೇನೆ ಅಂತ ನಾನು ಬೇರೆ ಏನೇನೋ ಬರೆದೆ. ಅವರು ಅವನ್ನೆಲ್ಲ ತಟ್ಟಿ, ಆರಿಸಿ, ಅಚ್ಚು ಹಾಕಿಸಿದರು. ನಾನು ನಿವೃತ್ತಳಾದೆ. ಅವರಿಗೆ ಎಂಬತ್ತು ಹತ್ತಿರವಾಯಿತು. ಪ್ರತಿ ಸಲ ಸಿಕ್ಕಾಗಲೂ ಅದೇ ಪ್ರಶ್ನೆ. "ಅಮ್ಮನ ಪುಸ್ತಕ ಎಲ್ಲಿಗೆ ಬಂತು?" ಕೊನೆಗೂ ಪಟ್ಟು ಹಿಡಿದು ಕೂತು ಬರೆದೆ. ಮುಗಿಯುವ ಹೊತ್ತಿಗೆ ಅವರ ಗಂಟಲಿಗೆ ಕ್ಯಾನ್ಸರ್ ಬಂದಿತ್ತು.

ಬೀಡಿ ಸಿಗರೇಟು ಇರಲಿ, ಎಲೆ ಅಡಿಕೆ ಕೂಡ ಮುಟ್ಟಿದವರಲ್ಲ. ಬೇರೆ ಎಲ್ಲೂ ಜಾಗ ಸಿಗಲಿಲ್ಲವಾ ಅದಕ್ಕೆ? ನಾನು ದೇವರನ್ನು ಬಾಯಿಗೆ ಬಂದ ಹಾಗೆ ಬೈದೆ. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ವಿಜಯನಗರದ ಅವರ ಮನೆಗೆ ನೋಡಲು ಹೋದಾಗ ಹಜಾರದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಹಣೆಯ ಮೇಲೆ ಎಂದಿನ ವಿಭೂತಿ. ಕುತ್ತಿಗೆಯ ಮುಂದೆ ಒಂದು ತೂತು, ಅದರ ಮೇಲೆ ತೆಳುವಾದ ಬಿಳಿ ಬಟ್ಟೆ. ಉಸಿರು ಬಿಟ್ಟಾಗಲೆಲ್ಲ ಬಟ್ಟೆ ಅಲ್ಲಾಡುತ್ತಿತ್ತು. ತೊಡೆಯ ಮೇಲೆ ಮಕ್ಕಳ ಸ್ಲೇಟು, ಬಳಪ. ನನ್ನನ್ನು ನೋಡಿದವರೇ ಸ್ಲೇಟಿನಲ್ಲಿ ಬರೆದು ತೋರಿಸಿದರು. "ಅಮ್ಮನ ಪುಸ್ತಕ?"

ನನ್ನ ಚೀಲದಲ್ಲೇ ಇತ್ತು. ತೆಗೆದು ಕೈಗೆ ಕೊಟ್ಟೆ. ಕಣ್ಣಿಗೊತ್ತಿಕೊಂಡು, ವಾಪಸು ನನ್ನ ಕೈಗೇ ಇಟ್ಟರು. ಸ್ಲೇಟು ಒರೆಸಿ ಬರೆದರು: "ನೀವು ಓದಿ. ನಾನು ಕಲ್ಲು ನೋಡ್ತೀನಿ."

ನನ್ನ ದನಿ ಕಾರ್ಖಾನೆಯ ಸೈರನ್ ಇದ್ದ ಹಾಗೆ. ಆಫೀಸಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ಆದರೂ ಓದಿದೆ. ಮೊದಲ ಸಾಲಿಗೇ ಟಕ್. ಅದೇ ಪೆನ್ನು, ಅದೇ ಮುಚ್ಚಳ, ಪಕ್ಕದ ಟೀಪಾಯಿಯ ಮೇಲೆ. ಗಂಟಲು ಹೋಗಿದ್ದರೂ ಕಿವಿ ಹೋಗಿರಲಿಲ್ಲ. ಆ ಟಕ್ ಕೇಳಿ ನನಗೆ ಅಳು ಬಂದುಬಿಟ್ಟಿತು, ಅದನ್ನು ಮುಚ್ಚಿಕೊಳ್ಳಲು "ಬಂದ ತಕ್ಷಣ ಶುರು ಮಾಡ್ಕೊಂಡ್ರಾ?" ಅಂತ ಗದರಿದೆ. ಅವರ ಭುಜಗಳು ಕುಣಿದವು. ಸದ್ದಿಲ್ಲದೆ ನಗುವುದನ್ನು ಅವರು ಆಗಲೇ ಕಲಿತುಬಿಟ್ಟಿದ್ದರು.

ಹೆಚ್ಚುಕಮ್ಮಿ ದಿನಾ ಮಧ್ಯಾಹ್ನ ಹೋಗತೊಡಗಿದೆ. ಒಂದಷ್ಟು ಪುಟ ಓದುವುದು, ತಟ್ಟಿಸಿಕೊಳ್ಳುವುದು, ಜಗಳವಾಡುವುದು. ನಾನು ಬಾಯಲ್ಲಿ, ಅವರು ಸ್ಲೇಟಿನಲ್ಲಿ. ಅವರು ಬರೆಯುವುದು ನಿಧಾನವಾದ್ದರಿಂದ ಜಗಳದಲ್ಲಿ ನಾನೇ ಗೆಲ್ಲುತ್ತಿದ್ದೆ. ರಾತ್ರಿ ಮನೆಯಲ್ಲಿ ತಿದ್ದುವಾಗ ಅವರು ಹೇಳಿದ್ದೇ ಸರಿ ಅನ್ನಿಸಿ ಆ ಸಾಲುಗಳನ್ನು ಹೊಡೆದುಹಾಕುತ್ತಿದ್ದೆ.

ಒಂದು ದಿನ ಹೊರಡುವಾಗ ಅವರ ಹೆಂಡತಿ ಗೇಟಿನವರೆಗೂ ಬಂದರು. ಮೆದು ಮಾತಿನ ಹೆಂಗಸು. ನನ್ನ ತೋಳು ಹಿಡಿದುಕೊಂಡು, "ನೀನು ಬಂದ ದಿನ ಒಂದು ಲೋಟ ಗಂಜಿ ಕುಡೀತಾರೆ ಕಣವ್ವ. ಬರದ ದಿನ ಲೋಟ ಅಂಗೇ ವಾಪಸ್ ಬತ್ತದೆ. ಡಾಕ್ಟ್ರು ಇನ್ನು ಮಾಡದೇನೂ ಇಲ್ಲ ಅಂದ್ಬುಟ್ರು" ಅಂದರು. ಆಮೇಲೆ, "ನಿನ್ ಪುಸ್ತಕ ದೊಡ್ಡದಾ?" ಅಂತ ಕೇಳಿದರು.

ಆಗ ಉಳಿದಿದ್ದದ್ದು ಒಂದೇ ಅಧ್ಯಾಯ. ಅಮ್ಮ ಸಾಯುವ ಅಧ್ಯಾಯ. ಅಬ್ಬಬ್ಬಾ ಅಂದರೆ ಒಂದು ಮಧ್ಯಾಹ್ನದ ಓದು.

"ದೊಡ್ಡದೇ ಅಮ್ಮ. ಇನ್ನೂ ಬೇಕಾದಷ್ಟಿದೆ" ಅಂದುಬಿಟ್ಟೆ.

ಆವತ್ತು ಮನೆಗೆ ಬಂದವಳೇ ಕಂಪ್ಯೂಟರ್ ಮುಂದೆ ಕೂತು ಹೊಸ ಅಧ್ಯಾಯ ಬರೆಯಲು ಶುರು ಮಾಡಿದೆ. ಬೀದಿ ನಲ್ಲಿಯ ಮುಂದಿನ ಬಿಂದಿಗೆ ಜಗಳ. ಹಿಟ್ಟಿನ ಗಿರಣಿಯವನ ಎರಡನೇ ಮದುವೆ. ಎದುರುಮನೆಯವರ ಕೋಳಿ ನಮ್ಮ ಊದುಬತ್ತಿಯ ಹಿಟ್ಟಿನಲ್ಲಿ ಬಿದ್ದು ಒದ್ದಾಡಿದ್ದು. ಅಮ್ಮನಿಗೂ ಇವಕ್ಕೂ ಇದ್ದ ಸಂಬಂಧ ಅಷ್ಟಕ್ಕಷ್ಟೆ. ಆದರೇನು, ಪುಟ ತುಂಬಬೇಕಿತ್ತು. ರಾತ್ರಿ ಬರೆದದ್ದನ್ನು ಬೆಳಿಗ್ಗೆ ಪ್ರಿಂಟ್ ತೆಗೆಸಿ, ಮಧ್ಯಾಹ್ನ ಓದುತ್ತಿದ್ದೆ. ಕೊನೆಯ ಅಧ್ಯಾಯ ಚೀಲದ ತಳದಲ್ಲಿ ದಿನಾ ನನ್ನ ಜೊತೆ ಬಂದು ದಿನಾ ವಾಪಸು ಹೋಗುತ್ತಿತ್ತು.

ವಿಚಿತ್ರ ಅಂದರೆ, ಅವರು ತಟ್ಟುವುದು ಕಡಿಮೆಯಾಯಿತು. ಕಡಿಮೆಯಾಗಿ ನಿಂತೇಹೋಯಿತು. ಕೋಳಿಯ ಪ್ರಸಂಗಕ್ಕೆ ಭುಜ ಕುಣಿಸಿ ಕುಣಿಸಿ ನಕ್ಕರು. ಗಿರಣಿಯವನ ಮದುವೆಯಲ್ಲಿ ಒಂದು ಕಲ್ಲೂ ಸಿಗಲಿಲ್ಲ. ನಾನಂತೂ ಉಬ್ಬಿಹೋದೆ. ನೋಡಿದೆಯಾ, ಇಷ್ಟು ವರ್ಷ ತಟ್ಟಿಸಿಕೊಂಡಿದ್ದಕ್ಕೆ ಕೊನೆಗೂ ಬರೆಯೋಕೆ ಬಂತು ಅಂದುಕೊಂಡೆ. ಗಂಜಿ ಲೋಟ ಖಾಲಿಯಾಗುತ್ತಿತ್ತು. ಅವರ ಹೆಂಡತಿ ಅಡಿಗೆಮನೆಯಿಂದ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು. ನಾನು ಬರೆಯುತ್ತಲೇ ಇರುತ್ತೇನೆ, ಇವರು ಇದ್ದೇ ಇರುತ್ತಾರೆ ಅಂತ ನಿಜವಾಗಲೂ ನಂಬಿಬಿಟ್ಟಿದ್ದೆ. ಅರವತ್ತು ದಾಟಿದ ಹೆಂಗಸು, ಎಂಥ ಬುದ್ಧಿ ನೋಡಿ ನನ್ನದು.

ಒಂದು ಮಧ್ಯಾಹ್ನ ಓದುತ್ತಾ ಹೋಗುತ್ತಿದ್ದೆ. ನಲ್ಲಿ ಜಗಳದಲ್ಲಿ ಬಿಂದಿಗೆ ಒಡೆಯಿತು. ಪುಟ ತಿರುಗಿಸಿ ಮುಂದೆ ಓದಿದೆ. ಬಿಂದಿಗೆ ಮತ್ತೆ ಒಡೆಯಿತು. ಪ್ರಿಂಟ್ ಅಂಗಡಿಯಲ್ಲಿ ಒಂದೇ ಹಾಳೆಯ ಎರಡು ಪ್ರತಿ ಬಂದಿತ್ತು. ಗೊತ್ತಾಗದೆ ಒಂದೇ ಪುಟವನ್ನು ಎರಡು ಸಲ ಪೂರ್ತಿ ಓದಿಬಿಟ್ಟಿದ್ದೆ. ತಲೆ ಎತ್ತಿ ನೋಡಿದೆ. ಅವರು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಪೆನ್ನು ಟೀಪಾಯಿಯ ಮೇಲೆ ಸುಮ್ಮನೆ ಬಿದ್ದಿತ್ತು.

"ಒಂದೇ ಪುಟ ಎರಡು ಸಲ ಓದಿದ್ದೀನಿ ಸಾರ್! ಯಾಕೆ ತಟ್ಟಲಿಲ್ಲ? ಕೇಳಿಸ್ಕೊಳ್ತಾ ಇದ್ದೀರೋ ಇಲ್ವೋ?"

ಸ್ಲೇಟಿನಲ್ಲಿ ಒಂದೇ ಪದ ಬರೆದರು. "ಗೊತ್ತು."

ಶಿವರಾಂಪೇಟೆಯ ಅಂಗಡಿ, ಸರಾಗವಾಗಿದೆ ಸ್ವಾಮಿ ಅಂತ ಕೊಡುತ್ತಿದ್ದ ಕಾಫಿ, ಎಲ್ಲಾ ಒಟ್ಟಿಗೆ ನೆನಪಾಯಿತು. ಸಿಟ್ಟು ನೆತ್ತಿಗೇರಿತು. "ನನಗೂ ಕಾಫಿ ಕೊಟ್ಟು ಕಳಿಸೋಕೆ ಶುರು ಮಾಡಿದ್ರಾ? ನಾನೂ ಅಂಥವಳಾಗಿಬಿಟ್ನಾ? ಹೇಳಿ ಸಾರ್, ಯಾವತ್ತಿಂದ?" ಅಂತ ಕೂಗಿದೆ. ಕಾಯಿಲೆಯವರ ಮುಂದೆ ಹಾಗೆ ಕೂಗಬಾರದು. ಕೂಗಿದೆ.

ಅವರು ನಿಧಾನವಾಗಿ ಸ್ಲೇಟು ಒರೆಸಿದರು. ಬರೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಬರೆದು ನನ್ನ ಕಡೆ ತಿರುಗಿಸಿದರು.

"ಪುಸ್ತಕ ಆವಾಗಲೇ ಮುಗೀತಲ್ಲಮ್ಮ. ಇದು ನಾವು ಹರಟೆ ಹೊಡೀತಿರೋದು. ಹರಟೇಲಿ ಯಾರಾದರೂ ಕಲ್ಲು ಆರಿಸ್ತಾರಾ?"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. "ಮುಗಿಸಲ್ಲ. ಮುಗಿಸಿದ್ರೆ ನೀವು ಗಂಜಿ ಕುಡಿಯಲ್ಲ. ನೀವು ಹೋಗ್ಬಿಡ್ತೀರಿ. ನನಗೆ ಇನ್ಯಾರಿದಾರೆ ತಟ್ಟೋಕೆ?" ಅಂದೆ. ನನ್ನ ಗಂಡ ತೀರಿಕೊಂಡಾಗಲೂ ನಾನು ಹಾಗೆ ಬಾಯಿ ಬಿಟ್ಟು ಹೇಳಿಕೊಂಡಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ನಾನು ಅತ್ತು ಮುಗಿಸುವ ತನಕ ಅವರು ಕಾದರು. ಆಮೇಲೆ ಬರೆದರು: "ಕೊನೇದು ಚೀಲದ ತಳದಲ್ಲಿದೆ, ದಿನಾ ನೋಡ್ತಿದ್ದೀನಿ. ತೆಗೀರಿ. ಅಮ್ಮನ ಪುಸ್ತಕ ನಾನೇ ಓದ್ಬೇಕು ಅಂದಿದ್ದೆ. ಕೇಳೋದಾದ್ರೂ ಕೇಳ್ತೀನಿ."

ಚೀಲದ ತಳದಿಂದ ತೆಗೆದೆ. ದಿನಾ ಹೊತ್ತು ಹೊತ್ತು ಹಾಳೆಗಳ ಅಂಚು ಮುದುರಿಹೋಗಿತ್ತು. ಓದಲು ಶುರು ಮಾಡಿದೆ. ಎರಡನೇ ಸಾಲಿಗೆ ಟಕ್.

ಆಹಾ, ಆ ಟಕ್! ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕನ್ನಡಕ ಹಾಕಿಕೊಂಡಿದ್ದರು. ನಾನು ಓದುವುದು, ಅವರು ತಟ್ಟುವುದು, ನಾನು ಅಲ್ಲೇ ಗೆರೆ ಎಳೆಯುವುದು. ಆಸ್ಪತ್ರೆಯ ವಾರ್ಡಿನಲ್ಲಿ ಅಮ್ಮನಿಗೆ ನಾನು ಹೇಳಿದೆ ಅಂತ ಬರೆದುಕೊಂಡಿದ್ದ ದೊಡ್ಡ ದೊಡ್ಡ ಮಾತುಗಳಿಗೆಲ್ಲ ಟಕ್ ಟಕ್ ಟಕ್. ನಿಜವಾಗಿ ನಾನು ಏನೂ ಹೇಳಿರಲಿಲ್ಲ. ಅದು ಅವರಿಗೆ ಹೇಗೆ ತಿಳಿಯಿತೋ. ಅಷ್ಟು ದುಃಖದ ಅಧ್ಯಾಯ ಓದುತ್ತಾ ನನಗೆ ಒಳಗೆ ಸಂತೋಷವಾಗುತ್ತಿತ್ತು.

ಕೊನೆಗೆ ಬಂದೆ. ಸತ್ತ ಮೇಲೆ ಅಮ್ಮನಿಗೆ ಸ್ನಾನ ಮಾಡಿಸಿದ್ದು. "ಸೋಪು ಹಾಕಿ ಎರಡೂ ಕೈ ಉಜ್ಜಿ ತೊಳೆದೆ. ಊದುಬತ್ತಿಯ ವಾಸನೆ ಹೋಗಲಿಲ್ಲ." ಅದಾದ ಮೇಲೆ ಇನ್ನೊಂದು ಸಾಲಿತ್ತು. ಅದು ಬರೀ ಊದುಬತ್ತಿಯ ವಾಸನೆಯಲ್ಲ, ಅವಳ ತ್ಯಾಗದ ಪರಿಮಳ ಅಂತ ಏನೋ ಬರೆದಿದ್ದೆ. ನನಗೆ ಬಹಳ ಇಷ್ಟವಾದ ಸಾಲು.

ಟಕ್.

"ಇದೊಂದು ಇರಲಿ ಸಾರ್" ಅಂದೆ.

ಟಕ್. ಈ ಸಲ ಜೋರಾಗಿ. ಕುತ್ತಿಗೆಯ ಬಟ್ಟೆ ಅಲ್ಲಾಡಿತು. ನಾನು ಆ ಸಾಲನ್ನು ಹೊಡೆದುಹಾಕಿ, ಉಳಿದದ್ದನ್ನು ಮತ್ತೊಮ್ಮೆ ಓದಿದೆ. ವಾಸನೆ ಹೋಗಲಿಲ್ಲ. ಅಲ್ಲಿಗೆ ನಿಲ್ಲಿಸಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಟೀಪಾಯಿಯ ಮೇಲಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದರು. ಅವರ ಲೆಕ್ಕದಲ್ಲಿ ಪುಸ್ತಕ ಮುಗಿಯಿತು ಅಂತ. ಶಿವರಾಂಪೇಟೆಯಲ್ಲಿ ಯಾವಾಗಲೂ ಹಾಗೇ ಮಾಡುತ್ತಿದ್ದರು. ಆಮೇಲೆ ಗಂಜಿ ಬಂತು, ಕುಡಿದರು.

ಪುಸ್ತಕ ಕಡಕೊಳದ ಪ್ರೆಸ್ಸಿನಲ್ಲಿದ್ದಾಗ ಅವರು ಹೋದರು. ನಾನು ಹೋಗುವ ಹೊತ್ತಿಗೆ ಅವರನ್ನು ಹಜಾರದಲ್ಲಿ, ಅವರ ಕಡೆಯ ಪದ್ಧತಿಯಂತೆ, ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಹೂವಿನ ಹಾರ. ಬೆನ್ನು ನೆಟ್ಟಗಿತ್ತು. ಓದಿ ಅನ್ನುವ ಹಾಗೆ ಕೂತಿದ್ದರು. ನನ್ನ ಕೈಯಲ್ಲಿ ಓದಲು ಏನೂ ಇರಲಿಲ್ಲ. ಜನ ಬರುತ್ತಿದ್ದರು, ಹೋಗುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ.

ಪುಸ್ತಕ ಬಂದ ದಿನ ಮೊದಲ ಪ್ರತಿಯನ್ನು ಅವರ ಮನೆಗೇ ತೆಗೆದುಕೊಂಡು ಹೋದೆ. ಅವರ ಹೆಂಡತಿ ಅದನ್ನು ಪೂಜೆಯ ಗೂಡಿನ ಮುಂದೆ ಇಟ್ಟು ಬಂದರು. "ಟಕ್ ಅನ್ನೋ ಸದ್ದಿಲ್ದೆ ಮನೆ ಬಿಕೋ ಅಂತದೆ ಕಣವ್ವ" ಅಂದರು. ಹೊರಡುವಾಗ ಆ ಪೆನ್ನನ್ನು ನನ್ನ ಕೈಗಿಟ್ಟರು. ಚೀಲದ ತಳದಲ್ಲಿಟ್ಟುಕೊಂಡು ಬಂದೆ.

ಓದಿದವರೆಲ್ಲ ಕೊನೆಯ ಸಾಲನ್ನು ಹೊಗಳುತ್ತಾರೆ. ಎಂಥ ಜಾಗದಲ್ಲಿ ನಿಲ್ಲಿಸಿದ್ದೀರಿ ಅನ್ನುತ್ತಾರೆ. ನಾನು ನಿಲ್ಲಿಸಲಿಲ್ಲ ಕಣ್ರೀ, ನನ್ನನ್ನು ನಿಲ್ಲಿಸಿದರು ಅಂತ ಎಷ್ಟು ಜನರಿಗೆ ಹೇಳಲಿ.

ಮೊನ್ನೆ ಬೇರೊಬ್ಬ ಪ್ರಕಾಶಕರು ಫೋನ್ ಮಾಡಿದ್ದರು. ಒಳ್ಳೆಯ ಹುಡುಗ, ಮರ್ಯಾದೆಯಿಂದ ಮಾತಾಡುತ್ತಾನೆ. "ಹೊಸದೇನಾದ್ರೂ ಇದ್ರೆ ವಾಟ್ಸಾಪಲ್ಲಿ ಕಳಿಸ್ಬಿಡಿ ಮೇಡಂ, ಹಾಕ್ಬಿಡೋಣ" ಅಂದ.

"ನೀವು ಓದ್ತೀರಾ?" ಅಂದೆ.

"ನಿಮ್ಮದನ್ನ ನಾನೇನು ಓದೋದು ಮೇಡಂ, ಕಣ್ಣು ಮುಚ್ಕೊಂಡು ಹಾಕ್ತೀವಿ" ಅಂದ. ಗೌರವಕ್ಕೆ ಹೇಳಿದ ಮಾತು. ನಾನು ಬೈಯಲಿಲ್ಲ. ಬೈಯುವಷ್ಟು ಸಲಿಗೆ ಇನ್ನೂ ಬಂದಿಲ್ಲ.

ಹೊಸದು ಇದೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಮುಂಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು, ಪೆನ್ನಿನ ಮುಚ್ಚಳ ತೆಗೆದು ಎದುರಿನ ಖಾಲಿ ಕುರ್ಚಿಯ ಕಡೆ ಇಟ್ಟು, ನನ್ನ ಸೈರನ್ ದನಿಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಪುಟದ ಮೇಲೆ ಪುಟ ಹೋಗುತ್ತದೆ. ನಿಂತು ಕಾಯುತ್ತೇನೆ, ಮತ್ತೆ ಓದುತ್ತೇನೆ. ಸರಾಗವಾಗಿ ಹೋಗುತ್ತಿದೆ. ಎಲ್ಲೂ ಒಂದು ಕಲ್ಲೂ ಸಿಗುತ್ತಿಲ್ಲ. ನನಗೆ ಹೆದರಿಕೆಯಾಗುತ್ತಿದೆ.